ಯಾರಪ್ಪಣೆಯೂ ಬೇಡದ ಬೋರ್ಡು

"ಮೇಷ್ಟ್ರೇ, ಈ ಬರ್ಗರ್ ಅಂದ್ರೆ ಏನ್ರೀ ಅದು? ಬನ್ ಸೀಳಿ ಒಳಗೆ ಬೋಂಡಾ ಇಟ್ಟಂಗೈತಿ. ಇದಕ್ಕೆ ಇಷ್ಟು ದುಡ್ಡಾ?"

ಕಾಂಪೌಂಡಿನ ಆಚೆಯಿಂದ ಯಜಮಾನರ ಪ್ರಶ್ನೆ. ಬೆಂಗಳೂರಿಂದ ಬಂದ ಮೊಮ್ಮಗ ಮೊಬೈಲಲ್ಲಿ ಹೇಳಿ ಮನೆ ಬಾಗಿಲಿಗೇ ತರಿಸಿದ್ದನಂತೆ. ಯಜಮಾನರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದವರು. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಷೀನ್ ಕೊಟ್ಟ ಕಾರ್ಖಾನೆ ಅದು. ಈಗ ಬಾಗಿಲು ಹಾಕಿದೆ, ಆದರೆ ಯಜಮಾನರ ಕಣ್ಣು ಇನ್ನೂ ಕಾರ್ಖಾನೆಯದೇ. ಏನು ಕಂಡರೂ ಅದು ಹೇಗಾಯಿತು, ಅಸಲು ಎಷ್ಟು ಬಿತ್ತು, ಲಾಭ ಯಾರಿಗೆ ಹೋಯಿತು ಅಂತ ಕೇಳಬೇಕು.

ಕೇಳಿದ ಮೇಲೆ ಬಿಡುವುದುಂಟೇ? ನಾನೂ ಕಾಂಪೌಂಡಿಗೆ ಮೊಣಕೈ ಊರಿದೆ.

ಬರ್ಗರ್ ಅಂಗಡಿಗಳ ಸರಪಳಿಗೆ ಮೊದಲ ಕೊಂಡಿ ಹಾಕಿದ್ದು 1921ರಲ್ಲಿ, ಅಮೆರಿಕದ ಕಾನ್ಸಾಸ್ ಸೀಮೆಯ ವಿಚಿಟಾ ಊರಲ್ಲಿ. ವಾಲ್ಟರ್ ಆಂಡರ್ಸನ್ ಅನ್ನೋ ಅಡುಗೆಯವನೂ ಬಿಲ್ಲಿ ಇಂಗ್ರಾಮ್ ಅನ್ನೋ ವ್ಯವಹಾರಸ್ಥನೂ ಕೂಡಿ ತೆರೆದ 'ವೈಟ್ ಕ್ಯಾಸಲ್'. ಒಂದು ಬರ್ಗರಿಗೆ 5 ಸೆಂಟ್. ಅಲ್ಲಿನ ಜನ ಆಗ ರುಬ್ಬಿದ ಮಾಂಸ ಅಂದರೆ ಮೂಗು ಮುರಿಯುತ್ತಿದ್ದರು. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಒಂದು ಕಾದಂಬರಿ ಬರೆದು ಷಿಕಾಗೋದ ಕಸಾಯಿಖಾನೆಗಳ ಹೊಲಸನ್ನೆಲ್ಲ ಬಯಲಿಗೆ ಹಾಕಿದ್ದ. ಅದಕ್ಕೇ ಇವರು ಅಂಗಡಿಗೆ ಬಿಳಿ ಬಣ್ಣ ಹೊಡೆದು, ಗಿರಾಕಿಯ ಕಣ್ಣೆದುರೇ ಬೇಯಿಸಿ ಕೊಟ್ಟರು.

"ಅಂದ್ರೆ ನಮ್ಮ ದೋಸೆ ಕಾವಲಿ ಇದ್ದಂಗೆ," ಅಂದರು ಯಜಮಾನರು. "ಹೊಯ್ಯೋದೂ ಕಾಣ್ತತಿ, ಬೆಣ್ಣೆ ಹಾಕೋದೂ ಕಾಣ್ತತಿ. ಕಡಿಮೆ ಹಾಕಿದ್ರೆ ಅಲ್ಲೇ ಜಗಳ ತೆಗೀಬಹುದು."

ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ವಿಚಿಟಾದಲ್ಲಿ ಹಾಗಾದ ಏಳು ವರ್ಷಕ್ಕೆ, 1928ರಲ್ಲಿ, ನಮ್ಮ ಊರು ದಾವಣಗೆರೆಯ ಬೆಣ್ಣೆ ದೋಸೆಯ ಕಥೆ ಶುರು. ಊರವರು ಹೇಳಿಕೊಂಡು ಬಂದದ್ದು ಹೀಗೆ: ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ತಾಯಿ ಸವಳಗಿ ನಾಟಕ ಥಿಯೇಟರಿನ ಹತ್ತಿರ, ವಸಂತ ಟಾಕೀಸ್ ಆಸುಪಾಸಿನಲ್ಲಿ, ದೋಸೆ ಹೊಯ್ಯಲು ಕೂತರು. ಅದು ಅಕ್ಕಿ ದೋಸೆಯಲ್ಲ, ರಾಗಿ ದೋಸೆ. ಮೇಲೆ ಬೆಣ್ಣೆ, ಜೊತೆಗೆ ಆಲೂಗಡ್ಡೆ ಪಲ್ಯ, ಚಟ್ನಿ. ನಾಟಕ ನೋಡಲು ಬಂದವರ ಹಸಿವು, ಆಮೇಲೆ ಹತ್ತಿ ಮಿಲ್ಲುಗಳ ಕೂಲಿಕಾರರ ಹಸಿವು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ದಿನಗಳು ಬಂದಾಗ ದೋಸೆಗೆ ಗಿರಾಕಿ ಹುಡುಕಬೇಕಾಗಿರಲಿಲ್ಲ. ಮಕ್ಕಳಾದ ಶಾಂತಪ್ಪ, ಮಹಾದೇವಪ್ಪನವರ ಕಾಲಕ್ಕೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಬಂತು. ಮಂಡಕ್ಕಿ ಬೀಳದೆ ಆ ಮೆದು ಬರುವುದಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ?

"ಅಮೆರಿಕದಾಗೆ ಕ್ಯಾಸಲ್ ಅಂದ್ರೆ ಕೋಟೆ ಕಟ್ಟಿದ್ರು, ಇಲ್ಲಿ ಆಯಮ್ಮ ಒಲೆ ಹಾಕಿ ಕೂತ್ಲು," ಅಂತ ಯಜಮಾನರು ನಕ್ಕರು.

ಅವರಿಗೆ ಮೆಚ್ಚುಗೆಯಾದದ್ದು ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರ ಕಥೆ. ರಿಚರ್ಡ್, ಮಾರಿಸ್ ಅಂತ ಇಬ್ಬರು. 1940ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಹೋಟೆಲ್ ಇಟ್ಟರು. 1948ರಲ್ಲಿ, ವ್ಯಾಪಾರ ಚೆನ್ನಾಗಿ ನಡೆಯುವಾಗಲೇ, ಮೂರು ತಿಂಗಳು ಬಾಗಿಲು ಹಾಕಿದರು. ಮತ್ತೆ ತೆರೆದಾಗ ಕಾರಿನ ಹತ್ತಿರ ಹೋಗಿ ಬಡಿಸುವ ಹುಡುಗಿಯರಿಲ್ಲ, ತಟ್ಟೆ ಇಲ್ಲ, ಚಮಚ ಇಲ್ಲ, ಪಟ್ಟಿಯಲ್ಲಿ ಒಂಬತ್ತೇ ಪದಾರ್ಥ, ಬರ್ಗರಿಗೆ 15 ಸೆಂಟ್. ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ಅಡುಗೆಮನೆಯ ನಕ್ಷೆ ಬರೆದು, ಯಾರು ಎಲ್ಲಿ ನಿಂತರೆ ಕೈಗೆ ಕೈ ತಾಗುವುದಿಲ್ಲ ಅಂತ ಆಳುಗಳನ್ನು ಓಡಾಡಿಸಿ ನೋಡಿದರಂತೆ.

"ಇದು ಹೋಟೆಲ್ ಅಲ್ರೀ, ಶಾಪ್ ಫ್ಲೋರ್!" ಯಜಮಾನರಿಗೆ ಖುಷಿಯೋ ಖುಷಿ.

ಪಟ್ಟಿ ಚಿಕ್ಕದಿದ್ದರೆ ಕೈ ಚುರುಕು ಅನ್ನುವುದು ನಮ್ಮ ಹಳೇ ದೋಸೆ ಹೋಟೆಲಿನವರಿಗೂ ಗೊತ್ತು. ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ. ಪೂರಿ ಇದೆಯಾ ಅಂತ ಕೇಳಿದವನನ್ನು ಪಕ್ಕದ ಬೆಂಚಿನವರೂ ತಿರುಗಿ ನೋಡುತ್ತಾರೆ.

ಆದರೆ ಮುಂದೆ ದಾರಿ ಬೇರೆಯಾಯಿತು. ಅಲ್ಲೇ ನನಗೆ ಹೇಳಬೇಕಾದ ಮಾತಿರುವುದು. 1954ರಲ್ಲಿ ಆ ಅಣ್ಣತಮ್ಮಂದಿರ ಹತ್ತಿರ ಮಿಲ್ಕ್‌ಶೇಕ್ ಮಷೀನ್ ಮಾರುವ ರೇ ಕ್ರಾಕ್ ಬಂದ. ಅಂಗಡಿ ನೋಡಿ ಬೆರಗಾಗಿ, ಇದನ್ನು ಊರೂರಿಗೆ ಒಯ್ಯುತ್ತೇನೆ ಅಂತ ಕರಾರು ಮಾಡಿಕೊಂಡು, 1955ರಲ್ಲಿ ಇಲಿನಾಯ್ ಸೀಮೆಯಲ್ಲಿ ತನ್ನದೊಂದು ತೆರೆದ. 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಹೆಸರು ಸಮೇತ ಕೊಂಡುಕೊಂಡ. ಅಣ್ಣತಮ್ಮಂದಿರು ತಮ್ಮ ಮೂಲ ಅಂಗಡಿಯನ್ನೇನೋ ಉಳಿಸಿಕೊಂಡರು, ಆದರೆ ಅದರ ಮೇಲೆ ಸ್ವಂತ ಹೆಸರು ಬರೆಸುವ ಹಾಗಿರಲಿಲ್ಲ. 'ಬಿಗ್ ಎಂ' ಅಂತ ಬೋರ್ಡು ಬದಲಾಯಿತು. ಕ್ರಾಕ್ ಸುಮ್ಮನಿದ್ದನೇ? ಅವರ ಹತ್ತಿರದಲ್ಲೇ ಒಂದು ಮೆಕ್‌ಡೊನಾಲ್ಡ್ಸ್ ತೆರೆದ. ಬಿಗ್ ಎಂ ಮುಚ್ಚಿತು.

ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಪ್ಪ ಇಟ್ಟ ಹೆಸರನ್ನೇ ಬೋರ್ಡಿಗೆ ಹಾಕಂಗಿಲ್ಲ ಅಂದ್ರೆ ಅದೆಂಥ ಯಾಪಾರ್ರೀ?"

ಇತ್ತ ದಾವಣಗೆರೆ ನೋಡಿ. ಇಲ್ಲಿ ಹೆಸರು ಮನೆತನದ್ದೂ ಆಗಲಿಲ್ಲ, ಕಂಪನಿಯದೂ ಆಗಲಿಲ್ಲ, ಊರಿನದಾಯಿತು. ಮನೆತನದವರು ಹೊಯ್ದರು, ಅವರ ಹತ್ತಿರ ಹಿಟ್ಟು ರುಬ್ಬಿದವರು ಹೊಯ್ದರು, ರುಬ್ಬಿದವರನ್ನು ನೋಡಿದವರೂ ಹೊಯ್ದರು. ಕೊಟ್ಟೂರೇಶ್ವರನ ಹೆಸರು ಇಟ್ಟುಕೊಂಡವರುಂಟು, ಬೇರೆ ದೇವರನ್ನು ಹಿಡಿದವರುಂಟು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ 'ದಾವಣಗೆರೆ ಬೆಣ್ಣೆ ದೋಸೆ' ಅನ್ನೋ ಬೋರ್ಡು. ಅದಕ್ಕೆ ಯಾರಿಗೂ ರಾಯಲ್ಟಿ ಕಟ್ಟಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮುಂಬೈಯ ಬಾಂದ್ರಾದಲ್ಲಂತೂ 'ಬೆಣ್ಣೆ' ಅನ್ನೋ ಕನ್ನಡ ಹೆಸರಿನ ದೋಸೆ ಅಂಗಡಿಯ ಮುಂದೆ ಜನ ಸಾಲು ನಿಲ್ಲುತ್ತಾರೆ, ಅದು ಬೆಂಗಳೂರು ಶೈಲಿಯ ದೋಸೆಯಾದರೂ.

ಮೆಕ್‌ಡೊನಾಲ್ಡ್ಸ್ ಕೂಡ 1996ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ, ದೆಹಲಿಯ ವಸಂತ ವಿಹಾರದಲ್ಲಿ, ದನದ ಮಾಂಸ ಬಿಟ್ಟು ಕುರಿ ಮಾಂಸದ 'ಮಹಾರಾಜ ಮ್ಯಾಕ್' ಮಾಡಬೇಕಾಯಿತು. ಆಮೇಲೆ ಆಲೂ ಟಿಕ್ಕಿಗೆ ಇಳಿಯಿತು.

"ಅಲ್ಲೂ ವಸಂತ, ಇಲ್ಲೂ ವಸಂತ. ಕೊನೆಗೆ ಅವರೂ ಆಲೂಗಡ್ಡೆಗೇ ಬಂದ್ರಲ್ಲ!"

ನಿಜ ಹೇಳಬೇಕೆಂದರೆ ಒಡೆಯನಿಲ್ಲದ ಹೆಸರಿಗೆ ಕಾವಲೂ ಇಲ್ಲ. ಕ್ರಾಕ್‌ನ ಬರ್ಗರ್ ಒಂದು ದೇಶದೊಳಗೆ ಎಲ್ಲಿ ತಿಂದರೂ ಒಂದೇ, ಅದು ಅವನ ಸಾಧನೆ. ನನಗೆ ಅದೇ ಬೇಸರ ಕೂಡ. ನಮ್ಮ ದೋಸೆಯ ಹೆಸರಿನಲ್ಲಿ ಬೇರೆ ಊರಿನವರು ಪಲ್ಯಕ್ಕೆ ಅರಿಶಿನ ಹಾಕುತ್ತಾರೆ, ಪಕ್ಕದಲ್ಲಿ ಬಟ್ಟಲು ತುಂಬ ಸಾಂಬಾರ್ ಇಡುತ್ತಾರೆ, ಸೌದೆ ಒಲೆಯ ಬದಲು ಗ್ಯಾಸ್ ಹಚ್ಚುತ್ತಾರೆ, ಬೆಣ್ಣೆಯ ಜಾಗದಲ್ಲಿ ಇನ್ನೇನನ್ನೋ ಸವರುತ್ತಾರೆ. ಕೇಳುವವರಿಲ್ಲ. ಹಾಗಂತ ಪೇಟೆಂಟು, ಕೋರ್ಟು ಅಂತ ಹೋಗಿದ್ದರೆ ಚೆನ್ನಮ್ಮನ ದೋಸೆ ಒಂದು ಬೀದಿಯಲ್ಲೇ ಉಳಿಯುತ್ತಿತ್ತು. ಕೆಲವು ಕೆಟ್ಟ ದೋಸೆ ಸಹಿಸಿಕೊಳ್ಳಬೇಕಾದರೂ ಚಿಂತೆಯಿಲ್ಲ, ಹೆಸರು ಎಲ್ಲರದೂ ಆದದ್ದೇ ಸರಿ ಅನ್ನುವವನು ನಾನು. ಯಜಮಾನರು ಒಪ್ಪಲಿಲ್ಲ. "ಅಳತೆ ಟಾಲರೆನ್ಸ್‌ನಾಗೆ ಇಲ್ದ ಮಾಲು ಹೊರಗೆ ಬಿಡಬಾರ್ದು" ಅನ್ನುವುದು ಅವರ ಹಟ.

ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದೆವು, ನಿಮಗೂ ಹೇಳುತ್ತೇವೆ. ಬೆಂಗಳೂರಿನಲ್ಲಿ ನಮ್ಮ ಊರಿನ ಬೋರ್ಡಿನಡಿ ಹಳದಿ ಪಲ್ಯ ಬಂದರೆ ಮಾಣಿಯನ್ನು ಬೈಯಬೇಡಿ. ತಿಂದು ಎದ್ದು, ಹುಬ್ಬಳ್ಳಿ ಕಡೆ ಹೊರಟ ರೈಲು ಹತ್ತಿ ದಾವಣಗೆರೆಯಲ್ಲಿ ಇಳಿಯಿರಿ. ಬೆಳಗಿನ ಹೊತ್ತೇ ಬನ್ನಿ, ಬೆಣ್ಣೆ ಇನ್ನಷ್ಟು ಹಾಕಿ ಅಂತ ಬಾಯಿಬಿಟ್ಟು ಕೇಳಿ. ಸಾಂಬಾರ್ ಮಾತ್ರ ಕೇಳಬೇಡಿ.