ಒಂದು ಟನ್ ಕಬ್ಬು, ಒಂದು ಬಾಟ್ಲಿ ಜಿನ್ನು

ಸೆರೆಯ ವಿಷಯದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮಾತಾಡುವ ಅಧಿಕಾರದಿಂದ ಜಮಖಂಡಿಯ ಕುಡುಕರೂ ಮಾತಾಡಲಾರರು. ನೌಕರಿ ಪೂರ್ತಿ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಮಿಸ್ಟ್ ಆಗಿ ಕಳೆದವರು. ಟ್ಯಾಂಕರ್‌ಗಟ್ಟಲೆ ಸ್ಪಿರಿಟ್ ಅಳೆದು, ಸಹಿ ಹಾಕಿ ಕಳಿಸಿದವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ನಾಲಿಗೆಗೆ ಒಂದು ಹನಿ ತಾಕಿಸಿದ್ದಿಲ್ಲ. ಹೆಂಗ ಪಾಸ್ ಮಾಡ್ತಿದ್ರಿ ಅಂದರೆ ಮೂಗು ಮುಟ್ಟಿ ತೋರಿಸುತ್ತಾರೆ.

ಆ ಮೂಗಿನ ಕೀರ್ತಿ ಗ್ಲಾಸ್ಗೋದಲ್ಲಿರುವ ಅಳಿಯನಿಗೂ ಗೊತ್ತು. ರಜೆಗೆ ಬಂದವನು ಮಾವನಿಗೆಂದು ಒಂದು ಜಿನ್ ಬಾಟ್ಲಿ ತಂದ, ಕುಡಿಯಲಿಕ್ಕಲ್ಲ, ಮೂಸಲಿಕ್ಕೆ. ಸಂಜೆ ನಾನು ಗಿಡಕ್ಕೆ ನೀರು ಹಾಕುತ್ತಿದ್ದಾಗ ಕಂಪೌಂಡ್ ಗ್ವಾಡಿಯ ಆಚೆಯಿಂದ ಕೂಗು ಬಂತು.

"ಮಾಸ್ತರ, ಈ ಹ್ಯಾರಿಸ್ ಅನ್ನೂದು ಎಲ್ಲಿ ಬರ್ತೈತ್ರಿ?"

ಭೂಗೋಳ ಕಲಿಸುವವನಿಗೆ ಇಂಥ ಪ್ರಶ್ನೆ ದಿನಾ ಬರುವುದಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಬಡಿಯುವ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ಬರುತ್ತದೆ, ಗಾಳಿಗೆ ಗಿಡ ನೆಟ್ಟಗೆ ನಿಲ್ಲುವುದಿಲ್ಲ, ಇರುವ ಜನ ಹೆಚ್ಚು ಕಡಿಮೆ ಎರಡು ಸಾವಿರ ಎಂದೆ.

"ಎರಡ ಸಾವಿರ! ಅಷ್ಟ ಮಂದಿ ನಮ್ಮ ಸಂತ್ಯಾಗ ಒಂದ ಸಾಲಿನಾಗ ನಿಂತಿರ್ತಾರ. ಅವರಿಗೆ ಡಿಸ್ಟಿಲರಿ ಯಾಕ ಬೇಕ್ರಿ?"

ಬೇಕಾದದ್ದು ಕೆಲಸಕ್ಕೆ. ಓದಿದ ಹುಡುಗರೆಲ್ಲ ದ್ವೀಪ ಬಿಟ್ಟು ಹೋಗುತ್ತಿದ್ದರು. 2015ರಲ್ಲಿ ಟಾರ್ಬರ್ಟ್ ಎಂಬ ಬಂದರಿನ ಊರಿನಲ್ಲಿ ಹತ್ತು ಜನ ಸ್ಥಳೀಯರನ್ನು ಇಟ್ಟುಕೊಂಡು ಡಿಸ್ಟಿಲರಿ ಶುರುವಾಯಿತು. ಮಾಡಬೇಕೆಂದಿದ್ದುದು ವಿಸ್ಕಿ. ಆದರೆ ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಲಗಿರಬೇಕೆಂದು ಕಾಯ್ದೆ ಇದೆ. ಹ್ಯಾರಿಸ್‌ನವರು ಅದಕ್ಕಿಂತ ಹೆಚ್ಚೇ ಕಾದರು. ಅವರ ಮೊದಲ ವಿಸ್ಕಿ ಹೊರಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಪಗಾರ ಎಲ್ಲಿಂದ? ಜಿನ್ನಿಗೆ ಆ ಕಾಯುವ ಕೆಲಸವಿಲ್ಲ. ಇವತ್ತು ಇಳಿಸಿದ್ದನ್ನು ಬರುವ ವಾರ ಮಾರಬಹುದು.

"ತಿಳೀತ ಬಿಡ್ರಿ. ಕಬ್ಬ ಬರೂತನಕ ಸಾಲಿನ ನಡುವ ಉಳ್ಳಾಗಡ್ಡಿ ಹಾಕಿದಂಗ."

ಸ್ಕಾಟ್ಲೆಂಡಿನ ಸಣ್ಣ ದ್ವೀಪಗಳಲ್ಲಿ ಜಿನ್ ಯಾಕೆ ಇಷ್ಟು ಹಬ್ಬಿತು ಎಂದು ನಾನು ಓದಿದ ಲೇಖನಗಳಲ್ಲಿ ಒಂದೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ. ಜುರಾ ದ್ವೀಪದಲ್ಲಿ ಮೂವರು ಹೆಣ್ಣುಮಕ್ಕಳು ಸೇರಿ ಅರ್ಡ್‌ಲಸ್ಸಾ ಎಂಬಲ್ಲಿ ಜಿನ್ ಇಳಿಸುತ್ತಾರೆ; ಜಾರ್ಜ್ ಆರ್ವೆಲ್ ಕುಳಿತು 'ನೈನ್‌ಟೀನ್ ಎಯ್ಟಿ-ಫೋರ್' ಬರೆದ ಮನೆ ಅಲ್ಲಿಂದ ಮುಂದೆ, ದಾರಿ ಮುಗಿಯುವ ಕಡೆ ಇದೆ. ಬ್ರಿಟನ್ನಿನ ಉತ್ತರದ ತುತ್ತತುದಿಯ ಅನ್‌ಸ್ಟ್ ದ್ವೀಪದಲ್ಲಿ ವಾಯುಪಡೆ ಬಿಟ್ಟುಹೋದ ರಡಾರ್ ಠಾಣೆಯ ಕಟ್ಟಡದಲ್ಲಿ 2014ರಿಂದ ಜಿನ್ ಆಗುತ್ತಿದೆ. ಐಲಾದಲ್ಲಿ 'ಬೊಟಾನಿಸ್ಟ್' ಎಂಬ ಜಿನ್ನಿಗೆ ಗುಡ್ಡ, ಜೌಗು, ದಂಡೆ ಸುತ್ತಿ 22 ಬಗೆಯ ಸೊಪ್ಪು ಹೂವು ಆರಿಸಿ ತರುತ್ತಾರೆ. ಹ್ಯಾರಿಸ್‌ನವರದು ಇನ್ನೂ ಒಂದು ಕೈ ಮೇಲು. ಮುಳುಗುಗಾರನೊಬ್ಬ ತಣ್ಣೀರಿಗೆ ಇಳಿದು ಕೈಯಾರೆ ಕೊಯ್ದು ತಂದ ಸಮುದ್ರಪಾಚಿ ಅವರ ಜಿನ್ನಿನಲ್ಲಿದೆ.

ಪಾಚಿ ಅಂದ ಕೂಡಲೇ ಕಾಕಾ ಬಾಟ್ಲಿಯ ಬಿರಡೆ ತೆಗೆದು ಮತ್ತೊಮ್ಮೆ ಮೂಸಿದರು. "ಹೌದರಿ. ಉಪ್ಪಿನ ದಂಡಿ ವಾಸನಿ ಐತಿ. ಆದ್ರ ಮೂಲ ಸ್ಪಿರಿಟ್ ಅವರದಲ್ಲ."

ಅದು ನಿಜ. ಸಣ್ಣ ಜಿನ್ ಮನೆಗಳಲ್ಲಿ ಬಹಳಷ್ಟು ತಮ್ಮ ಮದ್ಯಸಾರವನ್ನು ತಾವು ಹುಳಿಸಿ ತೆಗೆಯುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಧಾನ್ಯದಿಂದ ತೆಗೆದ ಶೇಕಡಾ 96ರ ಸ್ಪಿರಿಟ್ ಟ್ಯಾಂಕಿನಲ್ಲಿ ಬಂದಿಳಿಯುತ್ತದೆ. ಅದಕ್ಕೆ ನೀರು ಬೆರೆಸಿ, ಜುನಿಪರ್ ಕಾಯಿ, ಕೊತ್ತಂಬರಿ ಬೀಜ, ಲಿಂಬಿ ಸಿಪ್ಪೆ, ಊರ ಸೊಪ್ಪು ಹಾಕಿ, ತಾಮ್ರದ ಹಂಡೆಯಲ್ಲಿ ಮತ್ತೊಮ್ಮೆ ಭಟ್ಟಿ ಇಳಿಸುತ್ತಾರೆ. ಮೊದಲು ಇಳಿಯುವ ಖಾರ ಭಾಗ, ಕೊನೆಯ ಜಿಡ್ಡು ಭಾಗ ಎರಡನ್ನೂ ಬದಿಗಿಟ್ಟು ನಡುವಿನದನ್ನು ತುಂಬುತ್ತಾರೆ. ಜುನಿಪರ್ ವಾಸನೆ ಮುಂದಿರಬೇಕು, ಮದ್ಯಸಾರ ಶೇಕಡಾ 37.5ಕ್ಕಿಂತ ಕಡಿಮೆ ಇರಬಾರದು, ಕಾನೂನು ಕೇಳುವುದು ಮುಖ್ಯವಾಗಿ ಇಷ್ಟೇ. ಆ ಜುನಿಪರ್ ಕೂಡ ಬಹುಪಾಲು ಮ್ಯಾಸಿಡೋನಿಯಾ, ಇಟಲಿ ಕಡೆಯಿಂದ ಬರುತ್ತದೆ.

"ಅಂದ್ರ ಸ್ಪಿರಿಟ್ ಹೊರಗಿಂದು, ಕಾಯಿ ಹೊರಗಿಂದು, ಬಾಟ್ಲಿ ಹೊರಗಿಂದು. ಊರಿಂದು ನೀರು, ಒಂದ ಹಿಡಿ ಪಾಚಿ. ಹೆಸರು ಮಾತ್ರ ಪೂರ್ತಿ ಊರಿಂದು!" ಕಾಕಾ ನಗಲಿಲ್ಲ. ಗ್ವಾಡಿಯ ಮೇಲೆ ಮೊಣಕೈ ಊರಿದರು. "ಮಾಸ್ತರ, ನನ್ನ ನೌಕರಿ ಏನಿತ್ತು ಹೇಳ್ರಿ? ವಾಸನಿ ತಗಿಯೂದು. ಕಾಕಂಬಿಗೆ ಒಂದ ನಾತ ಇರ್ತೈತಿ. ಫ್ಯಾಕ್ಟ್ರಿ ಇನ್ನೂ ಎರಡ ಮೈಲ್ ದೂರ ಇದ್ದಾಗ ಬಸ್ಸಿನ್ಯಾಗ ಮಲಗಿದ ಮಂದಿ ಏಳ್ತಾರ. ಆ ನಾತಾ ಕಾಲಮ್‌ನ್ಯಾಗ ಏರಿಸಿ ಏರಿಸಿ, ಯಾವ ಊರಿಂದು, ಯಾವ ಹೊಲದ್ದು, ಕಬ್ಬಿಂದೋ ಜ್ವಾಳದ್ದೋ ಯಾರಿಗೂ ತಿಳೀಬಾರ್ದು, ಹಂಗ ಸ್ವಚ್ಛ ಮಾಡಿದ್ರ ಪಾಸ್. ವಾಸನಿ ಉಳೀತಂದ್ರ ಫೇಲ್. ನಾ ವಾಸನಿ ತಗಿಯಾಕ ಪಗಾರ ತಗೊಂಡೆ, ಅವ್ರು ವಾಸನಿ ಹಾಕಾಕ ರೊಕ್ಕ ತಗೋತಾರ."

ಇಲ್ಲಿಗೆ ನಾವು ಲೆಕ್ಕಕ್ಕೆ ಬಿದ್ದೆವು. ಲೆಕ್ಕ ಅಂದರೆ ಕಾಕಾಗೆ ಹಸಿವೆ ನೀರಡಿಕೆ ಇಲ್ಲ. ಒಂದು ಟನ್ ಕಬ್ಬಿನ ಹಾಲಿನಿಂದ ನೇರ ಇಳಿಸಿದರೆ ಸುಮಾರು 70 ಲೀಟರ್ ಮದ್ಯಸಾರ. ಹ್ಯಾರಿಸ್ ಜಿನ್ನಿನ ಬಾಟ್ಲಿ 700 ಮಿಲಿ, ಮದ್ಯಸಾರ ಶೇಕಡಾ 45, ಅಂದರೆ ಒಳಗಿರುವ ಅಸಲು ಮಾಲು 315 ಮಿಲಿ. ಭಾಗಿಸಿದರೆ ಒಂದು ಟನ್ ಕಬ್ಬಿನಲ್ಲಿ 222 ಬಾಟ್ಲಿಯ ದಮ್ಮಿದೆ. ಬಾಟ್ಲಿಯ ಬೆಲೆ 40 ಪೌಂಡಿನ ಮೇಲೆ, ನಮ್ಮ ರೊಕ್ಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು. ಇನ್ನು ಟನ್ ಕಬ್ಬಿನ ಬೆಲೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು 3,500 ಬೇಕೆಂದು ರಸ್ತೆಯಲ್ಲೇ ಕೂತರು, ಸರ್ಕಾರ 3,300 ಎಂದಿತು, ಮುಧೋಳದವರು ಅದನ್ನೂ ಒಪ್ಪದೆ ಹೋರಾಟ ಎಳೆದರು. ಆ ಇನ್ನೂರು ರೂಪಾಯಿಗೆ ಅಷ್ಟು ಬಡಿದಾಡಿದ ನಾಡಿನಲ್ಲಿ ಕೂತು ನೋಡಿದರೆ, ಪಾಚಿ ಹಾಕಿದ ಒಂದು ಬಾಟ್ಲಿಗೆ ಒಂದು ಟನ್ ಕಬ್ಬು ಕೊಟ್ಟರೂ ಮೇಲೆ ಚಿಲ್ಲರೆ ಕೊಡಬೇಕು.

ಅದೆಲ್ಲ ಹ್ಯಾರಿಸ್‌ನವರ ಕಿಸೆಗೆ ಹೋಗುವುದಿಲ್ಲ, ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಲ್ಲಿಯ ಸರ್ಕಾರವೇ ಸುಂಕ, ವ್ಯಾಟ್ ಎಂದು ಕಿತ್ತುಕೊಳ್ಳುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಕಾಕಾಗೆ ಅದರಿಂದ ಸಮಾಧಾನ ಆಗಲಿಲ್ಲ, ಸರ್ಕಾರಗಳ ಮೇಲೆ ಒಂದಿಷ್ಟು ಸಿಟ್ಟು ಮಾತ್ರ ಬಂತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಮ್ಮ ಈ ನಾಲ್ಕು ತಾಲ್ಲೂಕಿನಲ್ಲಿ ಚಿಮಣಿಗಳಿಗೇನು ಕೊರತೆ? ಸಮೀರವಾಡಿ, ಮುಧೋಳ, ಉತ್ತೂರು, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ. ಹಂಗಾಮಿನಲ್ಲಿ ರಾತ್ರಿ ಟ್ರ್ಯಾಕ್ಟರ್ ಸಾಲು ನೋಡಿದರೆ ಊರೇ ಗಾಲಿ ಹಚ್ಚಿಕೊಂಡು ಹೊರಟಂತಿರುತ್ತದೆ. ಸಮೀರವಾಡಿಯ ಗೋದಾವರಿ, ಮುಧೋಳದ ನಿರಾಣಿಯಂಥ ಕಾರ್ಖಾನೆಗಳಿಂದ ಇಥೆನಾಲ್ ಹೋಗಿ ಪೆಟ್ರೋಲ್ ಸೇರುತ್ತದೆ. ದೇಶದ ಪೆಟ್ರೋಲಿನಲ್ಲಿ ಶೇಕಡಾ 20 ಇಥೆನಾಲ್ ಎಂಬ ಗುರಿ 2025ರಲ್ಲಿ ಮುಟ್ಟಿತು. "ನಾ ಒಂದ ಹನಿ ಕುಡೀಲಿಲ್ಲ, ನಿಮ್ಮ ಬೈಕ್ ಮಾತ್ರ ದಿನಾ ಕುಡದ ಸಾಲಿಗೆ ಹೊಂಟೈತಿ" ಎಂದು ಕಾಕಾ ನನ್ನ ಹೀರೋ ಹೊಂಡಾದ ಕಡೆ ಬೆರಳು ಮಾಡಿದರು. ಕುಡಿಸುವ ಹುಕುಂ ಕೂಡ ನಮ್ಮದಲ್ಲ. 2023ರ ಡಿಸೆಂಬರ್‌ನಲ್ಲಿ ದಿಲ್ಲಿಯವರು ಕಬ್ಬಿನ ಹಾಲಿನಿಂದ ಇಥೆನಾಲ್ ಮಾಡುವುದಕ್ಕೆ ಕಡಿವಾಣ ಹಾಕಿದರು, 2024ರ ಆಗಸ್ಟ್‌ನಲ್ಲಿ ಬಿಚ್ಚಿದರು.

ಆದರೆ ಹ್ಯಾರಿಸ್‌ನವರ ಜಾಣತನವನ್ನು ಬರೀ ಜಿನ್ನಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ ಎಂದು ನನ್ನ ವಾದ. ಆ ಹೆಸರು ಜಗತ್ತಿಗೆ ಗೊತ್ತಾದದ್ದು ಬಟ್ಟೆಯಿಂದ. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಯ ಬಟ್ಟೆಯನ್ನು ಆ ದ್ವೀಪಗಳ ಜನ ತಮ್ಮ ಮನೆಯಲ್ಲೇ, ಕೈಕಾಲಿನ ಬಲದಿಂದ ನೇಯಬೇಕು. ಇಲ್ಲದಿದ್ದರೆ ಆ ಹೆಸರು ಹಚ್ಚುವಂತಿಲ್ಲ. ಅದಕ್ಕಾಗಿ 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಿದೆ. ಜಿನ್ನಿನವರು ಬಂದದ್ದು ನೇಕಾರರು ನೂರು ವರ್ಷ ತುಳಿದು ಮಾಡಿಟ್ಟ ದಾರಿಯ ಮೇಲೆ.

ಇದನ್ನು ಕೇಳುತ್ತ ಕಾಕೂ ಹೊರಗೆ ಬಂದರು. ಅವರ ತಂಗಿಯನ್ನು ಬನಹಟ್ಟಿಗೆ ಕೊಟ್ಟಿದೆ, ಮನೆತುಂಬ ಮಗ್ಗ. "ರಬಕವಿ ಬನಹಟ್ಟ್ಯಾಗ ಓಣಿಗುಂಟ ಅಡ್ಡಾಡಿದ್ರ ಕಿವಿ ಗಡಚಿಕ್ಕತಾವ. ಪ್ಯಾಟ್ಯಾಗ ಹೋಗಿ ಬನಹಟ್ಟಿ ಸೀರಿ ಕೊಡ್ರಿ ಅಂತ ಯಾರರೆ ಕೇಳ್ತಾರೇನ? ಇಳಕಲ್ಲದ್ದು ಕೊಡ್ರಿ ಅಂತಾರ" ಅಂದರು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮುದ್ರೆ ಇದೆ, ಬೇಡ ಅನ್ನುವವರು ಯಾರು. ಆದರೆ ಕಾಕೂ ಹೇಳಿದ್ದರ ಖಾರ ನನಗೆ ತಟ್ಟಿತು. ನಮ್ಮಲ್ಲಿ ಊರ ಹೆಸರು ಹೊತ್ತು ತಿರುಗುವ ಪದಾರ್ಥ ಯಾವುದು? ಮಹಾಲಿಂಗಪುರದ ಬೆಲ್ಲ, ಪೆಂಟಿ ಒಡೆದು ತಕ್ಕಡಿಗೆ ಬಿದ್ದ ಮೇಲೆ ಬರೀ ಬೆಲ್ಲ. ಕೊನೆಗೆ ಉಳಿಯುವುದು ಮುಧೋಳದ ನಾಯಿ ಒಂದೇ. ಅದಕ್ಕೆ 2005ರಲ್ಲಿ ಅಂಚೆ ಚೀಟಿಯೂ ಬಂತು.

ಸೆರೆಯ ಮಾತಿಗೇ ಮರಳಿದರೆ, ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದೇ ಗ್ಲಾಸ್ಗೋದಲ್ಲಿ, ಹುಲಿಯ ಗವಿಗೇ ಹೋಗಿ. ಬೆಲ್ಲದ ಮದ್ಯಸಾರಕ್ಕೆ ಕೆರಿಬಿಯನ್ ರಮ್ ಬೆರೆಸಿಯೂ ಮಾರುತ್ತಾರೆ ಎಂದೆ. "ಬೆಲ್ಲ ಮಹಾಲಿಂಗಪುರದ್ದು ಅಂತ ಚೀಟಿ ಮ್ಯಾಲ ಐತೇನು?" ಎಂದರು ಕಾಕಾ. ಇಲ್ಲ ಎಂದೆ. ಗೋವಾದ ಕಥೆ ಹೇಳಿದೆ, ಅಲ್ಲಿ 2017ರಿಂದೀಚೆ ಒಂದರ ಹಿಂದೊಂದು ಜಿನ್ನುಗಳು ಬಂದು ಹೆಸರು ಮಾಡಿವೆ. "ಗೋವಾದಾಗ ಕಬ್ಬ ಎಷ್ಟ ಬೆಳೀತೈತಿ?" ಎಂದರು. ಅಲ್ಲಿದ್ದ ಒಂದೇ ಒಂದು ಸಕ್ಕರೆ ಕಾರ್ಖಾನೆ ಸಂಜೀವನಿ ಕಬ್ಬು ಅರೆಯುವುದನ್ನು ಬಿಟ್ಟು ವರ್ಷಗಳಾದವು. ಕಾಕಾ ತಮ್ಮ ಕೇಸು ತಾನಾಗಿಯೇ ಗೆದ್ದವರಂತೆ ಕೈ ಝಾಡಿಸಿದರು.

"ನಮಗೂ ಕೈಗುಣ ಇರಲಿಲ್ಲ ಅಂತಲ್ರಿ" ಎಂದು ದನಿ ಇಳಿಸಿದರು. 1948ರಲ್ಲಿ ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಮರುವರ್ಷವೇ ಮುಂಬಯಿ ಪಾನನಿಷೇಧ ಕಾಯ್ದೆ. ಕಬ್ಬಿನ ಹೊಲದ ನಡುವೆ ಬೆಲ್ಲ, ಜಾಲಿ ತೊಗಟೆ ಹುಗಿದು ಕಳ್ಳಭಟ್ಟಿ ಇಳಿಸುತ್ತಿದ್ದ ಕಥೆಗಳನ್ನು ಕಾಕಾ ತಮ್ಮ ಅಪ್ಪನ ಬಾಯಲ್ಲಿ ಕೇಳಿದ್ದಾರೆ. ಸ್ಕಾಟ್ಲೆಂಡಿನ ಗುಡ್ಡಗಳಲ್ಲೂ ಇದೇ ನಡೆಯುತ್ತಿತ್ತು. ಅಲ್ಲಿ 1823ರಲ್ಲಿ ಕಾಯ್ದೆ ತಂದು, 10 ಪೌಂಡ್ ಲೈಸೆನ್ಸ್ ಫೀ ಇಟ್ಟು, ಕಳ್ಳಭಟ್ಟಿಯವರನ್ನು ಸಾವಕಾರರಾಗಲು ಬಿಟ್ಟರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್. ಬಂದ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ, ಸಾರಾಯಿ ಅಂಗಡಿಯ ಮುಂದೆ ಸಂಸಾರಗಳು ಬೀದಿಗೆ ಬಿದ್ದದ್ದನ್ನು ನೋಡಿದವನು. ಹ್ಯಾರಿಸ್‌ನ ಜಿನ್ನು ಊರವರ ಗಂಟಲಿಗಲ್ಲ, ಹಡಗು ಹತ್ತಿ ಬರುವ ಪ್ರವಾಸಿಗನ ಕಿಸೆಗೆ ಇಳಿಸಿದ್ದು. ಆ ಲೆಕ್ಕ ಬೇರೆ.

"ಆತು, ನಾವೂ ಮಾಡೂಣು ಅಂದ್ರ ದ್ವೀಪ ಎಲ್ಲಿ ತರ್ತೀರಿ?" ಕಾಕೂ ನಗುತ್ತ ಕೇಳಿದರು.

ದ್ವೀಪಕ್ಕೇನು ಬರ! ಕಂಕಣವಾಡಿಯ ಹತ್ತಿರ ಕೃಷ್ಣೆಯ ನಡುವೆ ಗುಹೇಶ್ವರ ಗಡ್ಡಿ ಇದೆ, ಮೇಲೆಲ್ಲ ಕಬ್ಬು. ಅದನ್ನು ಬೋಟಿನಲ್ಲಿ ಹೇರಿ ದಾಟಿಸಿ ಸಾಕಾಗಿ ರೈತರೇ ಬ್ಯಾರಲ್ ತೇಲಿಸಿ ಸೇತುವೆ ಕಟ್ಟಿಕೊಂಡರು. ಇದೇ ತಾಲ್ಲೂಕಿನ ರೈತರು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜನ್ನೇ ಕಟ್ಟಿದವರು, ಬ್ಯಾರಲ್ ಯಾವ ಲೆಕ್ಕ. 2019ರ ಮಹಾಪೂರದಂಥ ವರ್ಷ ಬಂದರೆ ದಂಡೆಯ ಎಷ್ಟೋ ಊರುಗಳು ತಾವಾಗಿಯೇ ನಡುಗಡ್ಡಿ. ಬೀಳಗಿಯವರಿಗಂತೂ ಆಲಮಟ್ಟಿ 519.60 ಮೀಟರ್ ಇದ್ದಾಗಲೇ ಹಿನ್ನೀರು ಅಂಗಳ ಮುಟ್ಟಿದೆ, 524.256ಕ್ಕೆ ಏರಿಸಿದರೆ ದ್ವೀಪಗಳು ಬೇಕಾದಷ್ಟು ಸಿಕ್ಕಾವು. ಪರಿಹಾರದ ಕಾಗದ ಹಿಡಿದು ಅಡ್ಡಾಡುವವರ ಮುಂದೆ ಮಾತ್ರ ಈ ಚಾಷ್ಟಿ ಮಾಡಬಾರದು.

ಹಾಕುವ ಸೊಪ್ಪಿನ ಪಟ್ಟಿ ಕಾಕಾ ಆಗಲೇ ಮನಸ್ಸಿನಲ್ಲಿ ಮಾಡಿದ್ದರು. ಇಂಡಿಯ ಲಿಂಬಿಯ ಸಿಪ್ಪೆ, ತೇರದಾಳ ಕಡೆಯ ಹಸಿ ಅರಿಶಿಣ, ಗುಡ್ಡದ ಕವಳಿಹಣ್ಣು, ಬಾರಿಹಣ್ಣು. ಜುನಿಪರ್ ಹಿಮಾಲಯದಿಂದ ಬರಲಿ. ಸ್ಪಿರಿಟ್ ನಮ್ಮದೇ, ಅದೂ ಕಡೆಯ ಕಾಲಮ್‌ಗೆ ಏರಿಸದೆ, ತುಸು ಬೆಲ್ಲದ ಕಂಪು ಉಳಿಸಿದ್ದು. "ಫೇಲ್ ಮಾಲು" ಎಂದು ತಾವೇ ಹೆಸರಿಟ್ಟು ಖುಷಿಪಟ್ಟರು.

"ಚೀಟಿ ಮ್ಯಾಲ ಏನ ಬರಸ್ತೀರಿ?" ಎಂದೆ.

"ಜಮಖಂಡಿ ಅಂತ!"

ಕಾಕೂ ಸೆರಗು ಸೊಂಟಕ್ಕೆ ಸಿಗಿಸಿದರು. "ಸೆರೆ ಬಾಟ್ಲಿ ಮ್ಯಾಲ ಊರ ಹೆಸರ ಹಾಕ್ರಿ, ಈ ಊರ ಹುಡುಗ್ರಿಗೆ ಕನ್ಯಾ ಯಾರ ಕೊಡ್ತಾರ ನೋಡೂಣು."

"ರಬಕವಿ-ಬನಹಟ್ಟಿ?"

"ಯಾವ ಹೆಸರ ಮುಂದ ಅಂತ ಜಗಳ ಮುಗ್ಯಾಂಗಿಲ್ಲ."

"ಹಂಗಾರ ಮುಧೋಳ. ನಿನ್ನ ತವರಮನಿ."

"ನಾಯಿಗೆ ಇಟ್ರು, ಸುಮ್ಮನ ಅದೀವಿ. ಈಗ ಸೆರೆಗೂ ನಾವ ಬೇಕೇನು? ಬೀಳಗಿ ಅಂತ ಇಡ್ರಿ, ನಿಮ್ಮ ಅಕ್ಕನ್ನ ಕೊಟ್ಟ ಊರು. ಆಕಿಗೆ ಫೋನ್ ಹಚ್ಚಿ ಕೊಡ್ತೀನಿ, ನೀವ ಹೇಳ್ರಿ."

ಅಕ್ಕನ ಹೆಸರು ಕೇಳಿದ್ದೇ ಕಾಕಾ ನನ್ನ ಕಡೆ ತಿರುಗಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಎಂದಿನಿಂದ ಎಂದು ಕೇಳಿದರು.