ಸುಟ್ಟೋನೇ ಕಳ್ಳ ಅಂದ್ರೆ ಎಂಗೆ ಸಿವಾ?

ಪಾಂಡವಪುರದ ರಿಪೇರಿ ಅಂಗಡಿಯೊಂದರ ಮೇಜಿನ ಮೇಲೆ ನಾಗಮಂಗಲ ಕಡೆಯ ಸೋಲಾರ್ ಬೀದಿದೀಪದ ಚಾರ್ಜ್ ಕಂಟ್ರೋಲರ್ ಬಾಯಿ ತೆರೆದು ಬಿದ್ದಿತ್ತು. ಅದರ ಸಿಂಕ್ರೊನಸ್ ಬಕ್ ಕನ್ವರ್ಟರ್‌ನಿಂದ ಕಿತ್ತೆಸೆದ ಕೆಳಗಿನ ಮಾಸ್‌ಫೆಟ್, ಬೆನ್ನು ಬಿರಿದು ಕಾಲು ಕಪ್ಪಾಗಿದ್ದರೂ ಮಾತಿಗೆ ಒಪ್ಪಿತು.

ತಮ್ಮ ಉದ್ಯೋಗ?

"ಪ್ಯಾನೆಲ್ಲಿಂದ 18 ವೋಲ್ಟ್ ಬತ್ತದೆ, ಬ್ಯಾಟ್ರಿಗೆ 14 ಸಾಕು. ಮೇಲಿನ ಮಾಸ್‌ಫೆಟ್ಟು ಸೆಕೆಂಡಿಗೆ ಲಕ್ಷ ಸಲ ಬಾಗ್ಲು ತಗ್ದು ಮುಚ್ತನೆ. ಅವ್ನು ಮುಚ್ದಾಗ ಕಾಯಿಲ್ ಕರೆಂಟಿಗೆ ದಾರಿ ಬುಡೋನು ನಾನು. ಮುಂಚೆ ಈ ಜಾಗದಲ್ಲಿ ಡಯೋಡ್ ಇದ್ದ. ಅರ್ಧ ವೋಲ್ಟ್ ಕಮಿಷನ್ ಹೊಡೀತಿದ್ದ. ನಾನು ಅದ್ರಲ್ಲಿ ಹತ್ತನೇ ಒಂದು ಪಾಲೂ ತಿನ್ನಾಕಿಲ್ಲ."

ಆದರೂ ಸುಟ್ಟಿರಿ. ಮೇಲಿನವರೂ ನೀವೂ ಒಟ್ಟಿಗೆ ಬಾಗಿಲು ತೆಗೆದಿರಂತೆ?

"ಸುಳ್ಳು! ಅಂಗಾಗ್ಬಾರ್ದು ಅಂತ್ಲೇ ನಡುವೆ ಡೆಡ್ ಟೈಮ್ ಮಡಗವ್ರೆ. ಅದು ಸರ್ಯಾಗೇ ಇತ್ತು. ಆವತ್ತು ಗಾಳಿಗೆ ಪ್ಯಾನೆಲ್ ವೈರು ಕಿತ್ತೋಯ್ತು. ಕಾಯಿಲ್ ಕರೆಂಟು ಸೊನ್ನೆಗೆ ಬಂದೇಟಿಗೆ ನನ್ನ ಮುಚ್ಚಿಸ್ಬೇಕಾದ್ದು ಕಂಟ್ರೋಲ್ ಐಸಿ. ಮುಚ್ಚಿಸ್ನಿಲ್ಲ. ಬ್ಯಾಟ್ರಿ ಕರೆಂಟು ವಾಪಸ್ ತಿರುಗ್ತು. ವಿ.ಸಿ. ನಾಲೆ ನೀರು ರಾತ್ರೋರಾತ್ರಿ ಕನ್ನಂಬಾಡಿ ಕಟ್ಟೆಗೆ ಏರ್ದಂಗೆ! ಬಕ್ಕು ಓಗಿ ಬೂಸ್ಟ್ ಆಯ್ತು. ಪ್ಯಾನೆಲ್ ಕಡೆ ವೋಲ್ಟೇಜು ಏರ್ತಾ ಏರ್ತಾ ನನ್ನ ಮಿತಿ ದಾಟ್ತು. ಶಾರ್ಟಾದೆ. ಬ್ಯಾಟ್ರಿ ಪೂರಾ ನನ್ ಮ್ಯಾಲೆ ಬಿತ್ತು."

ಐಸಿ ಮೇಲೆ ಕ್ರಮ ಆಯಿತೇ?

"ಐಸಿನೂ ಪಾಪದ್ದೇ. ಕರೆಂಟ್ ಅಳೆಯೋ ಸೆನ್ಸ್ ರೆಸಿಸ್ಟರ್ ಬೆಸುಗೆ ಬಿರುಕು ಬುಟ್ಟು ಸುಳ್ಳು ವರದಿ ಕೊಡ್ತಿತ್ತು. ಅದನ್ನ ಯಾರೂ ನೋಡ್ನಿಲ್ಲ. ಕಿತ್ತೋದ ವೈರನ್ನ ಸಡಿಲವಾಗೇ ಸಿಕ್ಕಿಸಿ ಕೆ.ಆರ್. ಪೇಟೆಯಿಂದ ಇನ್ನೊಬ್ಬನ್ನ ತಂದು ಕೂರ್ಸಿದ್ರು. ಅವ್ನೂ ಭಸ್ಮ. ಕೆಳಗಿನೋನ್ನ ಸಸ್ಪೆಂಡ್ ಮಾಡಿ ಫೈಲ್ ಮುಚ್ಚೋದು ಕಚೇರೀಲಿ ಮಾತ್ರ ಅಂದ್ಕಂಡಿದ್ದೆ."

ಹೇಗೆ ಹುಡುಕಬೇಕಿತ್ತು?

"ಬ್ಯಾಟ್ರಿ ಬಿಚ್ಚಿ, ಇಬ್ರಲ್ಲಿ ಯಾರು ಶಾರ್ಟು ಅಂತ ಮೀಟ್ರಲ್ಲಿ ನೋಡ್ಬೇಕು. ಆಮೇಲೆ ಕರೆಂಟ್ ಲಿಮಿಟ್ ಇರೋ ಸಪ್ಲೈ ಕೊಟ್ಟು ಸ್ಕೋಪಲ್ಲಿ ಇಬ್ರ ಗೇಟೂ ನೋಡ್ಬೇಕು. ಮೇಲಿನೋನ ಗೇಟು ಏಳ್ದಿದ್ರೆ ಬೂಟ್‌ಸ್ಟ್ರಾಪ್ ಕೆಪಾಸಿಟರ್ ವಿಚಾರಿಸಿ. ಸ್ಕೋಪಿನ ಗ್ರೌಂಡ್ ಕ್ಲಿಪ್ಪು ಮಾತ್ರ ನಮ್ಮಿಬ್ರ ನಡುವಿನ ಜಾಯಿಂಟಿಗೆ ಸಿಕ್ಕಿಸ್ಬೇಡಿ. ತನಿಖಾಧಿಕಾರಿನೇ ಶಾರ್ಟ್ ಮಾಡ್ದಂಗಾಯ್ತದೆ."

ಜಿಲ್ಲೆಯ ವಿದ್ಯುತ್ ಪ್ರಗತಿ ಕುರಿತು?

"ನಮ್ಮ ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಓಯ್ತು. ನಾಗಮಂಗಲದ ಈ ಕಂಬಕ್ಕೆ ಬಿಸ್ಲೇ ಗತಿ."

ಕೊನೆಯದಾಗಿ?

"ಅಗೋ, ಮೂರ್ನೇ ಹುಡ್ಗ ಕವರಲ್ಲಿ ಕುಂತವ್ನೆ. ಅವನ್ನ ಹಚ್ಚೋ ಮುಂಚೆ ಆ ಬೆಸುಗೆ ಮ್ಯಾಲೆ ಒಂದ್ ಸಲ ಸಾಲ್ಡರ್ ಆಡಿಸ್ರಣ್ಣ, ವೈರೂ ಬಿಗಿ ಮಾಡ್ಸಿ."