ಶಹಾಬಜಾರ ಬೋಗಾಣಿ ಶಾಸನ: ಒಂದು ಮರುಪರಿಶೀಲನೆ

ಶಹಾಬಜಾರದ ನಮ್ಮ ಹಳೇ ಮನೆಯ ಅಂಗಳದಲ್ಲಿ ಈಚೆಗೆ ಬೆಳಕಿಗೆ ಬಂದ ಹಿತ್ತಾಳೆ ಬೋಗಾಣಿಯ ಬಗ್ಗೆ ವಿದ್ವತ್ ವಲಯ ಮೌನವಾಗಿರುವುದು ಖೇದಕರ. ವಿದ್ವತ್ ವಲಯವೆಂದರೆ ದೊಡ್ಡತ್ತಿ, ಕಾಕಾ ಮತ್ತು ಕಮಲಾಪುರದ ಸಣ್ಣ ಕಾಕಿ. ಮೌನವೆಂದರೆ ಅವರು ಪರಸ್ಪರ ಮಾತು ಬಿಟ್ಟಿರುವುದು.

ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಬಂಡೆ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲಷ್ಟೇ ಅದು ಜನರ ಕಣ್ಣಿಗೆ ಬಿತ್ತು. ಪ್ರಸ್ತುತ ಬೋಗಾಣಿಯೂ ಇದೇ ಜಿಲ್ಲೆಯ ಈ ಪರಂಪರೆಗೆ ನಿಷ್ಠವಾಗಿ, ಬೋರಲು ಬಿದ್ದು ತುಳಸಿ ಕುಂಡಕ್ಕೆ ಪೀಠವಾಗಿತ್ತು. ಕುಂಡ ಒಡೆದದ್ದರಿಂದ ಉತ್ಖನನ ಸಾಧ್ಯವಾಯಿತು. ಒಡೆದವನು ಪ್ರಬಂಧಕಾರನ ಮಗ.

ಕಂಠದ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಒಂದು ಸಾಲಿದೆ. ಮೊದಲಿಗೆ ‘ಶ್ರೀ’, ಕೊನೆಗೆ ‘ಗುಲಬರ್ಗಾ’. ನಡುವಿನ ಹೆಸರನ್ನು ಮೂರು ತಲೆಮಾರಿನ ಸೊಸೆಯಂದಿರು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಅಳಿಸಿದ್ದಾರೆ. ಇದು ಆಕಸ್ಮಿಕವೆಂದು ಕಾಕಾ. ಅತ್ತಿ ಮಾತ್ರ ನಕ್ಕು ಸುಮ್ಮನಾದರು. ಕೋಟೆಯೊಳಗಿನ ಜಾಮಿ ಮಸೀದಿಗೆ 1367 ಎಂಬ ಇಸವಿಯನ್ನು ಅದರ ಶಾಸನವೇ ಕೊಡುತ್ತದೆ. ನಮಗೆ ಆ ಭಾಗ್ಯವಿಲ್ಲ. ಆದರೂ ಊರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಆದ್ದರಿಂದ ಬೋಗಾಣಿ ಅದಕ್ಕಿಂತ ಹಿಂದಿನದೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು.

ಬೆಲೆಯ ವಿಷಯದಲ್ಲಿ ಎರಡು ಪಂಥಗಳಿವೆ. ಮುತ್ಯಾ ಏಳು ರೂಪಾಯಿ ಕೊಟ್ಟು ತಂದನೆಂದು ಅತ್ತಿ. ಆರು ಎಂದು ಕಾಕಾ. ಈ ಒಂದು ರೂಪಾಯಿಗಾಗಿ ಒಂದು ದೀಪಾವಳಿಯೇ ಕೆಟ್ಟಿದೆ. ನಿಜಾಮರ ಕಾಲದಲ್ಲಿ ಇಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಬ್ರಿಟಿಷ್ ರೂಪಾಯಿಗೆ ಕಲ್ದಾರ ಎನ್ನುತ್ತಿದ್ದರು. ಏಳು ಹಾಲಿ ಸಿಕ್ಕಾಕ್ಕೆ ಆರು ಕಲ್ದಾರ ಸಮ. ಅಂದರೆ ಇಬ್ಬರೂ ಸರಿ! ಈ ಶೋಧವನ್ನು ಇಬ್ಬರಿಗೂ ತಿಳಿಸಲಾಗಿ, ಇಬ್ಬರೂ ನನ್ನ ಜೊತೆಗೂ ಮಾತು ಬಿಟ್ಟರು.

ಇನ್ನು ಹೊಟ್ಟೆಯ ಮೇಲಿನ ನೆಗ್ಗು. ಅಂಗೈ ಅಗಲ, ಹೆಬ್ಬೆರಳು ಕೂರುವಷ್ಟು ಆಳ. ಆಯಿ ಕಮಲಾಪುರದ ತವರಿನಿಂದ ಕೆಂಪು ಬಾಳೆಹಣ್ಣು ತುಂಬಿಕೊಂಡು ಬರುವಾಗ ಚಕ್ಕಡಿ ಮಗುಚಿತೆಂಬುದು ಕಾಕಿಯ ವಾದ. ಆ ಹಣ್ಣಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ; ವಾದಕ್ಕೆ ಇನ್ನೂ ಸಿಕ್ಕಿಲ್ಲ. ರಜಾಕಾರರ ಗದ್ದಲದಲ್ಲಿ, 1948ರಲ್ಲಿ, ಮನೆಯ ಪಾತ್ರೆಗಳನ್ನೆಲ್ಲ ಬಾವಿಗೆ ಇಳಿಬಿಟ್ಟು ಅಡಗಿಸಿದಾಗ ಕಲ್ಲಿಗೆ ಬಡಿಯಿತೆಂದು ಕಾಕಾ. ಮೂರನೆಯದು ಅತ್ತಿಯದು: ಆಯಿ ಅದನ್ನು ಮುತ್ಯಾನ ಮೇಲೆ ಎಸೆದಳು. ಗೋಡೆಯ ಮೇಲಿನ ಫೋಟೋದಲ್ಲಿ ಮುತ್ಯಾನ ಹಣೆಯನ್ನು ಪರೀಕ್ಷಿಸಲಾಯಿತು. ರುಮಾಲು ಹುಬ್ಬಿನ ತನಕ ಇಳಿದಿದೆ. ಅಷ್ಟು ಕೆಳಗೆ ರುಮಾಲು ಸುತ್ತುವ ವಾಡಿಕೆ ನಮ್ಮ ಮನೆತನದ ಬೇರೆ ಯಾವ ಫೋಟೋದಲ್ಲೂ ಕಾಣದು.

ಜೀರ್ಣೋದ್ಧಾರಕ್ಕೆ ಕಲಾಯಿಯವರನ್ನು ಕರೆಸಲಾಯಿತು. ಅವರು ಇದ್ದಿಲು ಹೊತ್ತಿಸಿ, ಬೋಗಾಣಿ ಕಾಯಿಸಿ, ನವಸಾಗರದ ಪುಡಿ ಎರಚಿದರು. ಬಿಳಿ ಹೊಗೆ ಎದ್ದು ಓಣಿಯೆಲ್ಲ ಕೆಮ್ಮಿತು. ತವರದ ಕಡ್ಡಿ ತಾಗಿಸಿದ್ದೇ ತಡ, 232 ಡಿಗ್ರಿಗೇ ಕರಗುವ ಆ ಲೋಹ ನೀರಾಗಿ ಹರಿಯಿತು. ಹತ್ತಿಯಿಂದ ಒಮ್ಮೆ ಒರೆಸಿದರೆ ಒಳಗೆಲ್ಲ ಬೆಳ್ಳಿ. ಇನ್ನು ಹುಳಿಸಾರು ಮಾಡಿದರೂ ಕಿಲುಬಿನ ಭಯವಿಲ್ಲ. ಆಮೇಲೆ ಅವರು ಸುತ್ತಿಗೆ ಎತ್ತಿ, “ನೆಗ್ಗು ತಗೀಲೇನ್ರಿ?” ಎಂದರು.

“ಅದಕ್ಕ ಕೈ ಹಚ್ಚಬ್ಯಾಡ್ರಿ!” ಎಂದು ಅತ್ತಿ ಅಡುಗೆಮನೆಯಿಂದ, ಕಾಕಾ ಕಟ್ಟೆಯಿಂದ, ಕಾಕಿ ವಿಡಿಯೋ ಕಾಲಿನಿಂದ ಒಟ್ಟಿಗೇ ಕೂಗಿದರು. ಮೂರೂ ಪಂಥಗಳಿಗಿರುವುದು ಅದೊಂದೇ ಪುರಾವೆ. ಕಲಾಯಿಯವರು ಸುತ್ತಿಗೆ ಚೀಲಕ್ಕೆ ಸೇರಿಸಿ, ಕೂಲಿಯಲ್ಲಿ ಮಾತ್ರ ಏನೂ ಬಿಡಲಿಲ್ಲ.

ಮುಂದಿನ ಸಂಶೋಧನೆಗೆ ಬೋಗಾಣಿಯ ಮುಚ್ಚಳ ಅತ್ಯಗತ್ಯ. ಅದರ ಮೇಲೆ ಪೂರ್ತಿ ಹೆಸರಿದೆಯೆಂದೂ, ಅದು ಕಾಕಿಯ ಅಟ್ಟದಲ್ಲಿದೆಯೆಂದೂ ಪ್ರತೀತಿ. ಕಮಲಾಪುರದ ಕ್ಷೇತ್ರಕಾರ್ಯದಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣು ಲಭ್ಯವಾದವು. ಮುಚ್ಚಳದ ಇರವನ್ನು ಕಾಕಿ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. “ಮೊದ್ಲು ಬೋಗಾಣಿ ಇಲ್ಲಿ ತಗೊಂಡು ಬಾ, ಕೂಡ್ತದೋ ಇಲ್ಲೋ ನೋಡಮು” ಎಂದರು.